ಸರ್ಕಾರದ ಮಾತು ಯಾವಾಗ ಕಾನೂನಾಗುತ್ತದೆ?

ಶ್ರವಣಬೆಳಗೊಳದ ಭಂಡಾರ ಬಸದಿಯಲ್ಲಿ 1368ರ ಒಂದು ಶಾಸನವಿದೆ. ವಿಜಯನಗರದ ಬುಕ್ಕರಾಯನ ಕಾಲದ್ದು. ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ನಾಡುನಾಡುಗಳ ಜೈನರು ಒಟ್ಟಾಗಿ ಅರಸನಲ್ಲಿ ಬಿನ್ನಹ ಮಾಡಿಕೊಂಡರು. ಅರಸ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ತಿರುಮಲೆ, ಮೇಲುಕೋಟೆ ಮೊದಲಾದ ಕ್ಷೇತ್ರಗಳ ಆಚಾರ್ಯರನ್ನೂ ಮುಂದಿಟ್ಟುಕೊಂಡು, ಜೈನರ ಕೈಯನ್ನು ಅವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನರಿಗೆ ಮೊದಲಿನಂತೆಯೇ ಸಲ್ಲಬೇಕೆಂದಾಯಿತು. ಅಲ್ಲಿಗೆ ಮುಗಿಸದೆ ಕಾವಲಿನ ಏರ್ಪಾಡನ್ನೂ ಮಾಡಿದರು. ಪ್ರತಿ ಜೈನ ಮನೆಯವರು ವರ್ಷಕ್ಕೊಂದು ಹಣ ಕೊಡುವುದು. ಅದರಿಂದ ತಿರುಮಲೆಯ ತಾತಯ್ಯ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಮೈಗಾವಲಿನವರನ್ನು ನೇಮಿಸುವುದು. ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸುವುದು. ಈ ಕಟ್ಟಳೆ ಮೀರಿದವನು ರಾಜನಿಗೂ ಸಂಘಕ್ಕೂ ಸಮುದಾಯಕ್ಕೂ ದ್ರೋಹಿ ಎಂದು ಶಾಸನ ಹೇಳುತ್ತದೆ.

ಈ ಕಲ್ಲನ್ನು ಮತಸಾಮರಸ್ಯದ ಸಾಕ್ಷಿಯೆಂದು ನಾವು ಬಹಳ ಸಲ ನೆನೆದಿದ್ದೇವೆ. ಅದನ್ನು ಕಾನೂನಿನ ದಾಖಲೆಯಾಗಿ ಓದಿದವರು ಕಡಿಮೆ. ಹಾಗೆ ಓದಿದರೆ ಏಳುವ ಪ್ರಶ್ನೆ ಇದು: ಇಲ್ಲಿ ಕಾನೂನು ಮಾಡಿದವರು ಯಾರು? ಅರಸ ಅಪ್ಪಣೆ ಕೊಟ್ಟಿದ್ದಾನೆ, ನಿಜ. ಆದರೆ ಅವನು ಎತ್ತಿಹಿಡಿದದ್ದು ತನಗಿಂತ ಹಿಂದಿನ ರೂಢಿಯ ಹಕ್ಕನ್ನು. ಅದನ್ನು ಕಟ್ಟುನಿಟ್ಟು ಮಾಡಿದ್ದು ಎರಡು ಸಮುದಾಯಗಳ ಒಪ್ಪಿಗೆಯ ಮೂಲಕ. ಅದನ್ನು ನಡೆಸುವ ಹೊಣೆ ಬಿದ್ದದ್ದು ದೂರಿಗೆ ಗುರಿಯಾದ ಪಕ್ಷದ ಹಿರಿಯನೊಬ್ಬನ ಮೇಲೆ. ಅಪ್ಪಣೆ, ರೂಢಿ, ಒಪ್ಪಂದ ಮೂರೂ ಒಂದೇ ಕಲ್ಲಿನಲ್ಲಿ ಹೆಣೆದುಕೊಂಡಿವೆ. ಕಾನೂನೆಂದರೆ ಪ್ರಭುತ್ವದ ಇಚ್ಛೆಯೇ, ಇಲ್ಲ ಪ್ರಭುತ್ವವೂ ತಲೆಬಾಗಬೇಕಾದ ಬೇರೇನಾದರೂ ಉಂಟೇ ಎಂಬ ಚರ್ಚೆ ನೂರಾರು ವರ್ಷಗಳಿಂದ ನಡೆದಿದೆ. ಅದು ತತ್ತ್ವಶಾಸ್ತ್ರದ ತರಗತಿಗೆ ಬಿಟ್ಟುಬಿಡಬಹುದಾದ ಚರ್ಚೆಯಲ್ಲ. ರಾತ್ರಿ ಹನ್ನೆರಡಕ್ಕೆ ಪೊಲೀಸರು ಬಾಗಿಲು ತಟ್ಟಿದಾಗ ನಮ್ಮ ನಿಮ್ಮ ಗತಿ ಏನೆಂಬುದು ಅದರ ಉತ್ತರದ ಮೇಲೆ ನಿಂತಿದೆ.

ಕೌಟಿಲ್ಯನ ಅರ್ಥಶಾಸ್ತ್ರ ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತಿಕೊಂಡಿತು. ವ್ಯಾಜ್ಯ ತೀರ್ಮಾನಕ್ಕೆ ಧರ್ಮ, ವ್ಯವಹಾರ, ಚರಿತ್ರ, ರಾಜಶಾಸನ ಎಂಬ ನಾಲ್ಕು ಕಾಲುಗಳಿವೆ, ಒಂದಕ್ಕಿಂತ ಮುಂದಿನದು ಬಲವುಳ್ಳದ್ದು ಎಂದು ಅದು ಹೇಳುತ್ತದೆ. ಎಂದರೆ ಕೊನೆಯ ಮಾತು ಅರಸನದು. ಅದೇ ಗ್ರಂಥದ ಇನ್ನೊಂದು ಕಡೆ, ದಂಡಕ್ಕೆ ಅರ್ಹನಲ್ಲದವನನ್ನು ದಂಡಿಸಿದ ಅರಸನಿಗೂ ದಂಡ ಇದೆ. ಅವನು ಮೂವತ್ತು ಪಟ್ಟು ಹಣವನ್ನು ವರುಣನಿಗೆಂದು ನೀರಿನಲ್ಲಿಟ್ಟು, ಆಮೇಲೆ ಬ್ರಾಹ್ಮಣರಿಗೆ ಕೊಡಬೇಕು. ನನಗೆ ಈ ವಿಧಿ ಬಹಳ ಮುಖ್ಯವೆನಿಸುತ್ತದೆ. ಅರಸನೂ ತಪ್ಪಿತಸ್ಥನಾಗಬಹುದು ಎಂಬ ಅರಿವು ಅಷ್ಟು ಹಿಂದೆಯೇ ಇತ್ತು. ಆದರೆ ಆ ದಂಡವನ್ನು ವಸೂಲಿ ಮಾಡುವವರು ಯಾರು? ವರುಣನೇ ಬರಬೇಕು. ಮನುಷ್ಯರ ಪೈಕಿ ಅರಸನನ್ನು ಕರೆದು ಕೇಳುವ ಪೀಠವೊಂದು ಅಲ್ಲಿಲ್ಲ. ಇಲ್ಲಿಂದ ಮುಂದಿನ ಇಡೀ ಚರಿತ್ರೆಯನ್ನು ಅಂಥ ಪೀಠಕ್ಕಾಗಿ ನಡೆದ ಹುಡುಕಾಟವೆಂದು ಓದಬಹುದು.

ಯುರೋಪಿನಲ್ಲಿ ಈ ಚರ್ಚೆ ಆಧುನಿಕ ರೂಪ ಪಡೆದದ್ದು ಅಂತರ್ಯುದ್ಧಗಳ ನಡುವೆ. ಇಂಗ್ಲೆಂಡಿನ ರಕ್ತಪಾತ ಕಂಡಿದ್ದ ಥಾಮಸ್ ಹಾಬ್ಸ್ 1651ರ ‘ಲೆವಯಥನ್’ ಗ್ರಂಥದಲ್ಲಿ, ಎಲ್ಲರನ್ನೂ ಅಂಕೆಯಲ್ಲಿಡುವ ಒಂದು ಶಕ್ತಿ ಇಲ್ಲದಿದ್ದರೆ ಬದುಕೇ ಇಲ್ಲವೆಂದು ವಾದಿಸಿದ. ಅದನ್ನು ಶಾಸ್ತ್ರವಾಗಿ ಕಟ್ಟಿದವನು ಜಾನ್ ಆಸ್ಟಿನ್. 1832ರಲ್ಲಿ ಬಂದ ಅವನ ಪುಸ್ತಕದ ಪ್ರಕಾರ ಕಾನೂನೆಂದರೆ ಸಾರ್ವಭೌಮನ ಆಜ್ಞೆ. ಮೀರಿದರೆ ಶಿಕ್ಷೆ ಕಾದಿರುತ್ತದೆ. ಸಾರ್ವಭೌಮನೆಂದರೆ ಎಲ್ಲರೂ ರೂಢಿಯಾಗಿ ಯಾರ ಮಾತು ಕೇಳುತ್ತಾರೋ, ಯಾರು ಇನ್ನೊಬ್ಬರ ಮಾತು ಕೇಳುವ ರೂಢಿ ಇಟ್ಟುಕೊಂಡಿಲ್ಲವೋ ಅವನು. ನ್ಯಾಯ ಅನ್ಯಾಯಗಳ ಮಾತು ಬೇರೆ, ಕಾನೂನು ಹೌದೋ ಅಲ್ಲವೋ ಎಂಬ ಮಾತು ಬೇರೆ. ನಮ್ಮಲ್ಲಿ ಈಗಲೂ ಸಾಮಾನ್ಯವಾಗಿ ಕೇಳಿಬರುವುದು ಆಸ್ಟಿನ್ನನ ಕಾನೂನೇ. ಸರ್ಕಾರ ಆರ್ಡರ್ ಮಾಡಿದೆ, ಇನ್ನೇನಿದೆ ಎನ್ನುವ ಕಚೇರಿಯ ಗುಮಾಸ್ತ ಅವನ ಹೆಸರನ್ನು ಕೇಳಿರಲಾರ. ಹೇಳುವುದು ಅವನದೇ ಮಾತನ್ನು.

ಈ ಸಿದ್ಧಾಂತಕ್ಕೆ ಮೊದಲ ಗಟ್ಟಿ ಏಟು ಬಿದ್ದದ್ದು ಭಾರತದ ಅನುಭವದಿಂದ. 1862ರಿಂದ 1869ರವರೆಗೆ ಇಲ್ಲಿ ವೈಸ್‌ರಾಯ್ ಮಂಡಳಿಯ ಕಾನೂನು ಸದಸ್ಯನಾಗಿದ್ದ ಹೆನ್ರಿ ಮೇನ್ ಪಂಜಾಬಿನ ರಣಜಿತ್ ಸಿಂಗನ ಉದಾಹರಣೆ ಮುಂದಿಟ್ಟ. ರಣಜಿತ್ ಸಿಂಗ್ ಏನು ಅಪ್ಪಣೆ ಮಾಡಿದರೂ ನಡೆಯುತ್ತಿತ್ತು, ತಪ್ಪಿದರೆ ತಲೆ ಹೋಗುತ್ತಿತ್ತು. ಆಸ್ಟಿನ್ನನ ಸಾರ್ವಭೌಮನ ಎಲ್ಲ ಲಕ್ಷಣಗಳೂ ಅವನಲ್ಲಿದ್ದವು. ಆದರೂ ತನ್ನ ಜೀವಮಾನದಲ್ಲಿ ಅವನು ಆಸ್ಟಿನ್ ಹೇಳುವಂಥ ಒಂದು ಕಾನೂನನ್ನೂ ಮಾಡಲಿಲ್ಲ. ಜನರ ಮದುವೆ, ಆಸ್ತಿ, ಪಾಲು, ನೀರಿನ ಸರದಿ ಎಲ್ಲ ನಡೆದದ್ದು ಹಿಂದಿನಿಂದ ಬಂದ ಕಟ್ಟುಪಾಡಿನಿಂದ. ತೀರ್ಮಾನವಾದದ್ದು ಮನೆಯ ಹಿರಿಯರ, ಊರ ಪಂಚರ ಮುಂದೆ.

ಕನ್ನಡ ನಾಡಿಗೆ ಇದು ಹೊಸ ವಿಷಯವಲ್ಲ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರ ವ್ಯಾಖ್ಯಾನ ಬರೆದ. ಅದು ಯಾವ ಅರಸನೂ ಹೊರಡಿಸಿದ ಕಾಯ್ದೆಯಲ್ಲ, ಒಬ್ಬ ಪಂಡಿತನ ಟೀಕೆ. ಚಾಲುಕ್ಯರು ಹೋದರು, ಆಮೇಲೆ ಬಂದ ಎಷ್ಟೋ ರಾಜ್ಯಗಳು ಹೋದವು. ಬಂಗಾಳದ ಕಡೆಯನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿ ಪಾಲಾದದ್ದು ಮಿತಾಕ್ಷರದ ಪ್ರಕಾರ. ಅದರ ಪಕ್ಕದಲ್ಲೇ ಕರಾವಳಿಯಲ್ಲಿ ಅಳಿಯಸಂತಾನದ ಕಟ್ಟು ಹೆಣ್ಣಿನ ಕಡೆಯಿಂದ ಆಸ್ತಿ ಸಾಗಿಸಿಕೊಂಡು ಬಂತು. ಬರೆದ ಶಾಸ್ತ್ರಕ್ಕಿಂತ ಸ್ಪಷ್ಟವಾಗಿ ರುಜುವಾತಾದ ರೂಢಿಯೇ ಮೇಲು ಎಂದು 1868ರಲ್ಲಿ ಪ್ರಿವಿ ಕೌನ್ಸಿಲ್ ಮಧುರೆಯ ಮೊಕದ್ದಮೆಯೊಂದರಲ್ಲಿ ಒಪ್ಪಿಕೊಳ್ಳಬೇಕಾಯಿತು.

ಹಾಗೆಂದು ರೂಢಿಯನ್ನು ಹೊತ್ತು ಮೆರೆಸುವ ಮನಸ್ಸು ನನಗಿಲ್ಲ. ಮಿತಾಕ್ಷರದ ಅವಿಭಕ್ತ ಕುಟುಂಬದಲ್ಲಿ ಮಗನಿಗೆ ಹುಟ್ಟಿದ ಗಳಿಗೆಯಲ್ಲೇ ಹಕ್ಕು, ಮಗಳಿಗೆ ಇಲ್ಲ. ಅದನ್ನು ತಿದ್ದಲು ಶಾಸನಸಭೆಯೇ ಬೇಕಾಯಿತು. ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಗೆ ಬಂತು, ಇಡೀ ದೇಶದ್ದು 2005ರಲ್ಲಿ. ಊರ ಕಟ್ಟುಪಾಡು ಪ್ರಭುತ್ವದ ಅಪ್ಪಣೆಯಿಲ್ಲದೆ ನಡೆಯುತ್ತದೆ ಎಂಬುದು ನಿಜವಾದರೆ, ಊರು ಬಹಿಷ್ಕಾರ ಹಾಕಿದಾಗ ಬಡವ ಓಡಿಹೋಗಿ ಬಾಗಿಲು ತಟ್ಟುವುದು ಅದೇ ಪ್ರಭುತ್ವದ ಠಾಣೆಯನ್ನು ಎಂಬುದೂ ಅಷ್ಟೇ ನಿಜ.

ಆಸ್ಟಿನ್ನನ ಕಟ್ಟಡವನ್ನು ಒಳಗಿನಿಂದಲೇ ಅಲುಗಾಡಿಸಿದವನು ಆಕ್ಸ್‌ಫರ್ಡಿನ ಎಚ್.ಎಲ್.ಎ. ಹಾರ್ಟ್. ದರೋಡೆಕೋರ ಪಿಸ್ತೂಲು ತೋರಿಸಿ ದುಡ್ಡು ಕೇಳಿದರೆ ನಾವು ಕೊಡುತ್ತೇವೆ. ಅಲ್ಲಿ ಆಜ್ಞೆಯಿದೆ, ಶಿಕ್ಷೆಯ ಬೆದರಿಕೆಯಿದೆ, ವಿಧೇಯತೆಯಿದೆ. ಆದರೆ ಕೊಡುವುದು ನನ್ನ ಕರ್ತವ್ಯವಾಗಿತ್ತು ಎಂದು ಯಾರೂ ಹೇಳುವುದಿಲ್ಲ. ತೆರಿಗೆ ಕಟ್ಟುವಾಗ ಹಾಗೆ ಹೇಳುತ್ತೇವೆ. ಈ ವ್ಯತ್ಯಾಸ ಎಲ್ಲಿಂದ ಬಂತು? 1961ರ ತನ್ನ ಗ್ರಂಥದಲ್ಲಿ ಹಾರ್ಟ್ ಕೊಟ್ಟ ಉತ್ತರವಿದು: ಹೇಗೆ ನಡೆಯಬೇಕೆಂದು ಹೇಳುವ ನಿಯಮಗಳ ಮೇಲೆ ಇನ್ನೊಂದು ಸಾಲು ನಿಯಮಗಳಿವೆ. ಯಾವುದು ಕಾನೂನು, ಅದನ್ನು ಬದಲಿಸುವವರು ಯಾರು, ತೀರ್ಪು ಕೊಡುವವರು ಯಾರು ಎಂಬುದನ್ನು ಅವು ಗೊತ್ತುಮಾಡುತ್ತವೆ. ಅಧಿಕಾರದಲ್ಲಿರುವವರು ಅವನ್ನು ತಮಗೂ ಅನ್ವಯಿಸುವ ಅಳತೆಗೋಲೆಂದು ಒಪ್ಪಿಕೊಂಡಿರಬೇಕು. ಹೀಗೆ ನೋಡಿದರೆ ಸಾರ್ವಭೌಮ ಕಾನೂನನ್ನು ಹುಟ್ಟಿಸುವುದಿಲ್ಲ. ಕಾನೂನೇ ಸಾರ್ವಭೌಮನನ್ನು ಗುರುತಿಸುತ್ತದೆ. ಮುಖ್ಯಮಂತ್ರಿಯ ಸಹಿಗೆ ಬೆಲೆ ಬರುವುದು ಆ ಕುರ್ಚಿಗೆ ಆ ಅಧಿಕಾರ ಕೊಟ್ಟ ನಿಯಮ ಮೊದಲೇ ಇರುವುದರಿಂದ.

ಇದು ಬೆಳಕು ಕೊಡುವ ವಿಚಾರ. ಆದರೆ ಇದರಲ್ಲೂ ಅಪಾಯವಿದೆ. ಕಾನೂನಿನ ಸಿಂಧುತ್ವವನ್ನು ಮೇಲಿನ ನಿಯಮಕ್ಕೆ, ಅದರದನ್ನು ಅದಕ್ಕೂ ಮೇಲಿನದಕ್ಕೆ ಕಟ್ಟುತ್ತ ಹೋಗಿ ಕೊನೆಗೊಂದು ಮೂಲ ನಿಯಮದಲ್ಲಿ ನಿಲ್ಲಿಸಿದವನು ಹಾನ್ಸ್ ಕೆಲ್ಸೆನ್. ಕ್ರಾಂತಿ ಗೆದ್ದು ನೆಲೆನಿಂತರೆ ಮೂಲ ನಿಯಮವೇ ಬದಲಾಯಿತು ಎಂದೂ ಅವನು ಹೇಳಿದ್ದ. ಪಾಕಿಸ್ತಾನದಲ್ಲಿ 1958ರ ಅಕ್ಟೋಬರಿನಲ್ಲಿ ಸಂವಿಧಾನ ರದ್ದಾಗಿ ಸೇನಾಡಳಿತ ಬಂದಾಗ ಮುಖ್ಯ ನ್ಯಾಯಮೂರ್ತಿ ಮುಹಮ್ಮದ್ ಮುನೀರ್ ಇದನ್ನೇ ಹಿಡಿದು, ದಂಗೆ ಯಶಸ್ವಿಯಾಗಿದೆ, ಆದ್ದರಿಂದ ಅದೇ ಈಗ ಕಾನೂನಿನ ಮೂಲ ಎಂದು ದೋಸ್ಸೋ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟರು. ತೀರ್ಪು ಬಂದದ್ದು ಅಕ್ಟೋಬರ್ 27ರಂದು. ಅದೇ ರಾತ್ರಿ ಅಯೂಬ್ ಖಾನ್ ರಾಷ್ಟ್ರಪತಿ ಇಸ್ಕಂದರ್ ಮಿರ್ಜಾರನ್ನೇ ಕುರ್ಚಿಯಿಂದ ಇಳಿಸಿದರು. ಗೆದ್ದವನೇ ಕಾನೂನು ಎಂದಮೇಲೆ ನಾಳೆ ಇನ್ನೊಬ್ಬ ಗೆಲ್ಲಬಾರದೇಕೆ? ಆ ತೀರ್ಪನ್ನು ಅಸ್ಮಾ ಜಿಲಾನಿ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 1972ರಲ್ಲಿ. ಅಷ್ಟರಲ್ಲಿ ದೇಶ ಎರಡಾಗಿತ್ತು.

ಎರಡನೆಯ ಮಹಾಯುದ್ಧದ ನಂತರ ಜರ್ಮನಿಯಲ್ಲಿ ಇದೇ ಪ್ರಶ್ನೆ ಸುಡುವ ಕೆಂಡವಾಗಿ ಬಂತು. ವೈಮಾರ್ ಗಣರಾಜ್ಯದಲ್ಲಿ ನ್ಯಾಯಮಂತ್ರಿಯಾಗಿದ್ದ ಗುಸ್ತಾವ್ ರಾಡ್‌ಬ್ರೂಖ್ 1946ರಲ್ಲಿ ಬರೆದ ಲೇಖನದಲ್ಲಿ, ಸಹಿಸಲಾರದಷ್ಟು ಅನ್ಯಾಯದ ಶಾಸನವು ಕಾನೂನೆಂಬ ಸ್ಥಾನವನ್ನೇ ಕಳೆದುಕೊಳ್ಳುತ್ತದೆ ಎಂದ. ಅಮೆರಿಕದ ಲಾನ್ ಫುಲ್ಲರ್ ಬೇರೆ ದಾರಿ ಹಿಡಿದ. ನಿಯಮಗಳು ಪ್ರಕಟವಾಗಿರಬೇಕು, ಹಿಂದಿನ ಕೃತ್ಯಗಳಿಗೆ ಅನ್ವಯಿಸಬಾರದು, ಅರ್ಥವಾಗುವಂತಿರಬೇಕು, ಅಧಿಕಾರಿಗಳು ಅವುಗಳಂತೆಯೇ ನಡೆಯಬೇಕು ಎಂಬಂಥ ಎಂಟು ಅಗತ್ಯಗಳನ್ನು ಗುರುತಿಸಿ, ಇದೇ ಕಾನೂನಿನ ಒಳಗಿನ ನೈತಿಕತೆ ಎಂದ. ಫುಲ್ಲರನ ಮೇಲೆ ನನಗೆ ಗೌರವವಿದೆ, ಆದರೆ ನಮ್ಮ ಚರಿತ್ರೆಯ ಒಂದು ಕಾಯ್ದೆ ಅವನ ಪರೀಕ್ಷೆಗಳಲ್ಲಿ ಬಹುಪಾಲನ್ನು ದಾಟಿಬಿಡುತ್ತದೆ.

1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಅದು. ಪ್ರಕಟವಾಗಿತ್ತು, ಸ್ಪಷ್ಟವಾಗಿತ್ತು, ಅದರಂತೆಯೇ ಅಧಿಕಾರಿಗಳು ನಡೆದರು. ಒಂದು ಬುಡಕಟ್ಟನ್ನೇ ಅಪರಾಧಿಯೆಂದು ಅಧಿಸೂಚನೆ ಹೊರಡಿಸಿದರೆ ಸಾಕು, ಅದರಲ್ಲಿ ಹುಟ್ಟಿದವರು ಹೆಸರು ನೋಂದಾಯಿಸಬೇಕು, ಹಾಜರಿ ಕೊಡಬೇಕು, ಪಾಸಿಲ್ಲದೆ ಊರು ಬಿಡಕೂಡದು. ಆ ಅಧಿಸೂಚನೆಯನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲವೆಂದು ಕಾಯ್ದೆಯಲ್ಲೇ ಬರೆದಿತ್ತು. ಮುಂದೆ ಮುಂಬಯಿ ಪ್ರಾಂತ್ಯದಲ್ಲಿ ಇಂಥವರನ್ನು ಕೂಡಿಹಾಕಲು ಮಾಡಿದ ವಸಾಹತುಗಳ ಪೈಕಿ ಒಂದು ಹುಬ್ಬಳ್ಳಿಯಲ್ಲಿತ್ತು. ಸೆಟ್ಲಮೆಂಟ್ ಎಂಬ ಆ ಬಡಾವಣೆಯ ಹೆಸರು ಇಂದಿಗೂ ಉಳಿದಿದೆ. ಕಾಯ್ದೆ ರದ್ದಾದದ್ದು 1952ರಲ್ಲಿ. ಸ್ವಾತಂತ್ರ್ಯ ಬಂದ ಐದು ವರ್ಷದ ಮೇಲೆ ಆ ಜನರಿಗೆ ಬಿಡುಗಡೆಯಾಯಿತು. ಈ ಕಾಯ್ದೆಯ ಕೆಡುಕಿನ ಬೇರು ನನಗೆ ಕಾಣುವುದು ಕೋರ್ಟಿನ ಬಾಯಿ ಕಟ್ಟಿದ ಆ ಒಂದು ಕಲಮಿನಲ್ಲಿ. ನನ್ನನ್ನೇಕೆ ಕಳ್ಳನೆಂದು ಬರೆದಿರಿ ಎಂದು ಕೇಳಲು ಒಂದು ಜಾಗ ಇದ್ದಿದ್ದರೆ ಸರ್ಕಾರ ಹೇಳಬಹುದಾಗಿದ್ದ ಉತ್ತರ ಒಂದೇ: ನೀನು ಇಂಥವರ ಹೊಟ್ಟೆಯಲ್ಲಿ ಹುಟ್ಟಿದೆ. ಆ ಉತ್ತರವನ್ನು ಬಹಿರಂಗವಾಗಿ ಹೇಳಬೇಕಾಗಿ ಬಂದ ದಿನ ಕಾಯ್ದೆ ಉಳಿಯುವುದು ಕಷ್ಟವಾಗುತ್ತಿತ್ತು.

ಇಲ್ಲಿಗೆ ನನ್ನ ನಿಲುವನ್ನು ಹೇಳಿಬಿಡುತ್ತೇನೆ. ಆಸ್ಟಿನ್ ಹೇಳಿದಂತೆ ಕಾನೂನಿಗೆ ಪ್ರಭುತ್ವದ ಬಲ ಬೇಕು. ಹಾರ್ಟ್ ಹೇಳಿದಂತೆ ಆ ಬಲವನ್ನು ಗುರುತಿಸುವ ನಿಯಮಗಳೂ ಬೇಕು. ಇಷ್ಟಿದ್ದೂ ಸರ್ಕಾರದ ಒಂದು ಆದೇಶ ಕಾನೂನೆನಿಸಿಕೊಳ್ಳುವುದು, ಅದಕ್ಕೆ ಗುರಿಯಾದ ಮನುಷ್ಯ ಏಕೆ ಎಂದು ಕೇಳಬಲ್ಲವನಾದಾಗ, ಸರ್ಕಾರ ತನ್ನ ಕೈಕೆಳಗಿಲ್ಲದ ಒಂದು ಪೀಠದ ಮುಂದೆ ಅದಕ್ಕೆ ಉತ್ತರ ಕೊಡಲೇಬೇಕಾದಾಗ. ಅದಿಲ್ಲದಿದ್ದರೆ ಗೆಜೆಟ್ಟಿನಲ್ಲಿ ಎಷ್ಟೇ ಅಚ್ಚುಕಟ್ಟಾಗಿ ಅಚ್ಚಾಗಿದ್ದರೂ ಅದು ಬರೀ ಅಪ್ಪಣೆ.

ನಮ್ಮ ಸಂವಿಧಾನದ 13ನೇ ವಿಧಿ ಕಾನೂನೆಂಬುದನ್ನು ಬಹಳ ವಿಶಾಲವಾಗಿ ಹಿಡಿಯುತ್ತದೆ. ಸುಗ್ರೀವಾಜ್ಞೆ, ಆದೇಶ, ಉಪನಿಯಮ, ಅಧಿಸೂಚನೆಯ ಜೊತೆಗೆ ಕಾನೂನಿನ ಬಲ ಪಡೆದ ರೂಢಿ, ಬಳಕೆಗಳೂ ಅದರೊಳಗೆ ಬರುತ್ತವೆ. ಎಲ್ಲವನ್ನೂ ಒಳಗೆ ತಂದದ್ದರ ಉದ್ದೇಶ, ಎಲ್ಲವೂ ಮೂಲಭೂತ ಹಕ್ಕುಗಳ ಮುಂದೆ ಉತ್ತರ ಹೇಳಬೇಕು ಎಂಬುದು. ಆದರೆ ಅದೇ ಸಂವಿಧಾನ ಬರೆಯುವಾಗ ಒಂದು ಬಾಗಿಲು ಸಡಿಲವಾಯಿತು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಸಂವಿಧಾನ ಸಭೆಯ ಸಲಹೆಗಾರರಾಗಿದ್ದರು. ಅವರು ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡು ಬಂದ ಮೇಲೆ, ನ್ಯಾಯಸಮ್ಮತ ಪ್ರಕ್ರಿಯೆಯ ಅಮೆರಿಕನ್ ಮಾತನ್ನು ಬಿಟ್ಟು, ಕಾನೂನು ಗೊತ್ತುಮಾಡಿದ ವಿಧಾನ ಎಂಬ ಮಾತು ಜೀವ, ಸ್ವಾತಂತ್ರ್ಯಗಳ ರಕ್ಷಣೆಯ 21ನೇ ವಿಧಿಗೆ ಬಂತು. ಜನರಿಂದ ಆಯ್ಕೆಯಾದ ಶಾಸಕಾಂಗ ತರುವ ಸುಧಾರಣೆಗಳನ್ನು ನ್ಯಾಯಾಧೀಶರು ಹೊಡೆದುಹಾಕಬಾರದೆಂಬ ಕಳಕಳಿ ಅದರ ಹಿಂದಿತ್ತು. ಅದು ಸುಳ್ಳು ಕಳಕಳಿಯಲ್ಲ. ಆದರೆ ವಿಧಾನವನ್ನು ಗೊತ್ತುಮಾಡುವವರೇ ಬಂಧಿಸುವವರೂ ಆದರೆ ಏನು ಗತಿ? 1950ರಲ್ಲೇ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಮದರಾಸಿನ ಸೆರೆಯಿಂದ ಈ ಪ್ರಶ್ನೆ ಎತ್ತಿದರು. ಶಾಸಕಾಂಗ ಗೊತ್ತುಮಾಡಿದ್ದರೆ ಆಯಿತು ಎಂದಿತು ಸುಪ್ರೀಂ ಕೋರ್ಟು. ಹಾಗಿದ್ದೂ ಒಂದು ಕಲಮನ್ನು ಮಾತ್ರ ಅದು ಉಳಿಸಲಿಲ್ಲ. ಬಂಧನದ ಕಾರಣಗಳನ್ನು ಕೋರ್ಟಿಗೂ ಹೇಳಕೂಡದು ಎಂಬ, ಮುಂಜಾಗ್ರತಾ ಬಂಧನ ಕಾಯ್ದೆಯ 14ನೇ ಕಲಮದು.

ಇಪ್ಪತ್ತೈದು ವರ್ಷ ಕಳೆದು ಅದೇ ಕಲಮು ಬೇರೆ ಅಂಗಿ ತೊಟ್ಟು ಬಂತು. ಪಕ್ಷಾಂತರ ಮಸೂದೆಯ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಶ್ಯಾಮನಂದನ ಮಿಶ್ರಾ, ಮಧು ದಂಡವತೆ ತುರ್ತು ಪರಿಸ್ಥಿತಿ ಸಾರಿದ ಮರುದಿನ, 1975ರ ಜೂನ್ 26ರಂದು, ಇಲ್ಲೇ ಬಂಧನಕ್ಕೊಳಗಾದರು. ಮೂರೇ ದಿನದಲ್ಲಿ, ವಿಚಾರಣೆಯಿಲ್ಲದೆ ಬಂಧಿಸಲು ಬಿಡುವ ಮೀಸಾ ಕಾಯ್ದೆಗೆ ಸುಗ್ರೀವಾಜ್ಞೆಯ ಮೂಲಕ 16ಎ ಕಲಮು ಸೇರಿತು. ಬಂಧಿತನಿಗೆ ಕಾರಣ ಹೇಳಬೇಕಾಗಿಲ್ಲ ಎಂದಾಯಿತು. ಆಮೇಲಿನ ತಿದ್ದುಪಡಿಯಲ್ಲಿ, ಕೋರ್ಟಿಗೂ ಹೇಳಬೇಕಾಗಿಲ್ಲ, ಅದು ರಾಜ್ಯದ ಗುಟ್ಟು ಎಂದಾಯಿತು. ನಾಯಕರ ಅರ್ಜಿ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಅವರ ಮುಂದೆ ಬಂತು. ಅರ್ಜಿಯನ್ನು ಕೇಳುವ ಅಧಿಕಾರವೇ ನಿಮಗಿಲ್ಲ ಎಂಬ ಸರ್ಕಾರದ ಆಕ್ಷೇಪವನ್ನು ಅವರು ಒಪ್ಪಲಿಲ್ಲ. ದೇಶದ ಒಂಬತ್ತು ಹೈಕೋರ್ಟುಗಳು ಇದೇ ನಿಲುವು ತಳೆದವು. 1976ರಲ್ಲಿ ಹದಿನಾರು ನ್ಯಾಯಮೂರ್ತಿಗಳಿಗೆ ವರ್ಗವಾಯಿತು. ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದಸ್ವಾಮಿ ಗುವಾಹಟಿಗೆ ಹೋದರು. ಈ ಇಬ್ಬರ ಹೆಸರು ನಮ್ಮ ಶಾಲೆಯ ಪಠ್ಯಗಳಲ್ಲಿ ಇರಬೇಕಿತ್ತು.

ಮೇಲ್ಮನವಿ ಜಬಲ್‌ಪುರ ಮೊಕದ್ದಮೆಯೆಂಬ ಹೆಸರಿನಲ್ಲಿ ಸುಪ್ರೀಂ ಕೋರ್ಟಿನ ಐವರ ಮುಂದೆ ಬಂತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಕೇಳಿದರು: ಪೊಲೀಸ್ ಅಧಿಕಾರಿಯೊಬ್ಬ ಸ್ವಂತ ಹಗೆಯಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ? ನನ್ನ ವಾದದ ಪ್ರಕಾರ, ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂದರು ಡೇ. ಆಸ್ಟಿನ್ನನ ಸಿದ್ಧಾಂತ ತನ್ನ ತುದಿ ಮುಟ್ಟಿದ್ದು ಆ ಉತ್ತರದಲ್ಲಿ. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರವನ್ನು ಒಪ್ಪಿದರು. ಖನ್ನಾ ಒಬ್ಬರೇ ಒಪ್ಪಲಿಲ್ಲ. ಜೀವ, ಸ್ವಾತಂತ್ರ್ಯ ಸಂವಿಧಾನ ಕೊಟ್ಟ ಉಡುಗೊರೆಯಲ್ಲ, 21ನೇ ವಿಧಿ ಇಲ್ಲದಿದ್ದರೂ ಕಾನೂನಿನ ಆಧಾರವಿಲ್ಲದೆ ಯಾರ ಜೀವವನ್ನೂ ತೆಗೆಯುವ ಅಧಿಕಾರ ರಾಜ್ಯಕ್ಕಿಲ್ಲ ಎಂಬುದು ಅವರ ವಾದ. ಮುಂದಿನ ಜನವರಿಯಲ್ಲಿ ಅವರ ಹಿರಿತನವನ್ನು ಬದಿಗೊತ್ತಿ ಎಂ.ಎಚ್. ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಖನ್ನಾ ರಾಜೀನಾಮೆ ಕೊಟ್ಟರು.

ಅದೇ ಜನವರಿಯಲ್ಲಿ ಬೆಂಗಳೂರಿನಲ್ಲಿ ಸ್ನೇಹಲತಾ ರೆಡ್ಡಿ ತೀರಿಕೊಂಡರು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರು ಕಂಡ ಕಲಾವಿದೆ. 1976ರ ಮೇ ತಿಂಗಳಲ್ಲಿ ಅವರನ್ನು ಹಿಡಿದು ಮೀಸಾ ಕೆಳಗೆ ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿಟ್ಟರು. ಅವರ ಮೇಲೆ ಶಂಕೆ ತಂದ ಬರೋಡಾ ಡೈನಮೈಟ್ ಮೊಕದ್ದಮೆಯ ಅಂತಿಮ ದೋಷಾರೋಪ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ತೀವ್ರ ಆಸ್ತಮಾ ಇದ್ದ ಹೆಣ್ಣುಮಗಳು ಎಂಟು ತಿಂಗಳು ಒಳಗಿದ್ದು, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ಸತ್ತರು. ಏಕೆ ಹಿಡಿದಿರಿ ಎಂಬ ಪ್ರಶ್ನೆಯನ್ನು ಕೇಳುವ ಬಾಗಿಲನ್ನು ಆ ಏಪ್ರಿಲ್ ತೀರ್ಪು ಮುಚ್ಚಿತ್ತು. ಸಿದ್ಧಾಂತಗಳ ಚರ್ಚೆಯಲ್ಲಿ ನಾವು ಕಳೆದುಹೋದಾಗಲೆಲ್ಲ ಈ ಸಾವನ್ನು ನೆನೆಯುವುದು ಒಳ್ಳೆಯದು. ಜಬಲ್‌ಪುರ ತೀರ್ಪನ್ನು ಸುಪ್ರೀಂ ಕೋರ್ಟು ಸ್ಪಷ್ಟ ಮಾತಿನಲ್ಲಿ ರದ್ದುಮಾಡಿದ್ದು 2017ರ ಆಗಸ್ಟಿನಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ತಂದ ಖಾಸಗಿತನದ ಮೊಕದ್ದಮೆಯಲ್ಲಿ.

ಇಷ್ಟು ಹೇಳಿದ ಮೇಲೆ ಅದೇ ಕಾಲದ ಇನ್ನೊಂದು ಮುಖವನ್ನು ಮುಚ್ಚಿಡುವುದು ಅಪ್ರಾಮಾಣಿಕವಾಗುತ್ತದೆ. 1951ರ ಕಾಗೋಡು ಸತ್ಯಾಗ್ರಹದ ರೈತರು ಕೇಳಿದ್ದು ಪ್ರಭುತ್ವದಿಂದ ಬಿಡುಗಡೆಯನ್ನಲ್ಲ. ತಮ್ಮ ಮತ್ತು ಒಡೆಯರ ನಡುವೆ ಪ್ರಭುತ್ವ ಬಂದು ನಿಲ್ಲಬೇಕೆಂದು. 1961ರ ಭೂಸುಧಾರಣಾ ಕಾಯ್ದೆ ಪುಸ್ತಕದಲ್ಲಿತ್ತು. ಗೇಣಿದಾರರ ಪಾಲಿಗೆ ಅದು ಇದ್ದೂ ಇಲ್ಲದಂತೆ. ದೇವರಾಜ ಅರಸು ಸರ್ಕಾರ 1974ರ ತಿದ್ದುಪಡಿ ತಂದು, ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳನ್ನು ಕೂರಿಸಿ, ಅಲ್ಲಿಗೆ ವಕೀಲರು ಬರಕೂಡದೆಂದು ಮಾಡಿದ ಮೇಲೆ ಚಕ್ರ ಉರುಳಿತು. ಗೇಣಿದಾರ ಏಳನೇ ನಂಬರ್ ಫಾರಂ ತುಂಬಿ ಕೊಟ್ಟು, ಇಷ್ಟು ವರ್ಷ ಯಾರ ಮುಂದೆ ಕೈಕಟ್ಟಿ ನಿಂತಿದ್ದನೋ ಅವರ ಎದುರೇ ನಿಂತು, ಈ ಗದ್ದೆ ಉತ್ತದ್ದು ನಾನು ಎಂದು ಹೇಳಿದ. ಅಕ್ಕಪಕ್ಕದ ಹೊಲದವರು ಬಂದು ಸಾಕ್ಷಿ ನುಡಿದರು. ಪಹಣಿಯಲ್ಲಿ ಹೆಸರು ಬದಲಾಯಿತು. ಕರಾವಳಿ, ಮಲೆನಾಡುಗಳ ಎಷ್ಟೋ ಮನೆಗಳ ಚರಿತ್ರೆ ಆ ಒಂದು ಫಾರಂನಿಂದ ಎರಡು ಭಾಗವಾಗಿದೆ. ಹಿಂದಿನವರು ಗೇಣಿ ಅಳೆದರು, ಮುಂದಿನವರು ಕಾಲೇಜಿಗೆ ಹೋದರು. ಪ್ರಭುತ್ವದ ಬಲವಿಲ್ಲದೆ ಯಾವ ರೂಢಿಯೂ ಯಾವ ಒಪ್ಪಂದವೂ ಇದನ್ನು ಮಾಡುತ್ತಿರಲಿಲ್ಲ. ಪ್ರಭುತ್ವವೆಂದರೆ ಬರೀ ಭಯವೆಂದು ಬಗೆಯುವವರು ಈ ಮನೆಗಳಿಗೆ ಒಮ್ಮೆ ಹೋಗಿಬರಬೇಕು. ನ್ಯಾಯಮಂಡಳಿಗಳ ತೀರ್ಪುಗಳಲ್ಲೂ ಕಾರಣ ಕೊಡದ, ಅವಸರದವು ಇದ್ದವು. ಅವುಗಳ ವಿರುದ್ಧ ರಿಟ್ ಅರ್ಜಿಗಳು ಸಾಲುಗಟ್ಟಿ ಹೈಕೋರ್ಟಿಗೆ ಹೋದವು. ಬಡವನ ಪರವಾದ ಆದೇಶವೂ ಕೇಳಿದಾಗ ಉತ್ತರ ಹೇಳಬೇಕಾಯಿತು, ಹೇಳಿ ಬಹುಪಾಲು ಉಳಿಯಿತು.

ಭೂಸುಧಾರಣೆಯೂ ಅಧಿಕಾರದ ಮಿತಿಯೂ ಒಂದೇ ಮೊಕದ್ದಮೆಯಲ್ಲಿ ಕೂಡಿದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರಿನಲ್ಲಿ. ಕೇರಳದ ಭೂಸುಧಾರಣಾ ಕಾಯ್ದೆಯಿಂದ ಮಠದ ಜಮೀನು ಹೋಗುತ್ತದೆಂದು ಅವರು ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ಕೇಳಿ, 1973ರ ಏಪ್ರಿಲ್ 24ರಂದು 7–6ರ ಅಂತರದಲ್ಲಿ, ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಮಾತ್ರ ಕೆಡಿಸುವಂತಿಲ್ಲ ಎಂದರು. ಆಸ್ಟಿನ್ನನ ಸಾರ್ವಭೌಮನಿಗೆ ಭಾರತದಲ್ಲಿ ಜಾಗವಿಲ್ಲವೆಂದು ತೀರ್ಮಾನವಾದದ್ದು ಅಂದು. ಸಂಸತ್ತಿಲ್ಲ, ಸರ್ಕಾರವಿಲ್ಲ, ಕೋರ್ಟೂ ಇಲ್ಲ. ಯಾರೂ ಇನ್ನೊಬ್ಬರ ಮಾತು ಕೇಳದ ಸ್ಥಾನದಲ್ಲಿ ಕೂರುವಂತಿಲ್ಲ. ಸ್ವಾಮೀಜಿಗೆ ಜಮೀನು ಉಳಿಯಲಿಲ್ಲ. ತೀರ್ಪಿನ ಬೆನ್ನಲ್ಲೇ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಮುಖ್ಯ ನ್ಯಾಯಮೂರ್ತಿಯಾದರು. ಹಾಗೆ ದಾಟಿಸಿಕೊಂಡವರಲ್ಲಿ ಒಬ್ಬರಾದ ನಮ್ಮ ಕೆ.ಎಸ್. ಹೆಗ್ಡೆ ರಾಜೀನಾಮೆ ಕೊಟ್ಟು ಹೊರಬಂದು, ಮುಂದೆ ಲೋಕಸಭೆಯ ಸ್ಪೀಕರ್ ಆದರು.

ಕೋರ್ಟಿನ ಉತ್ತರ ಬಹಳ ಸಲ ತಡವಾಗಿ ಬರುತ್ತದೆ. 1989ರ ಏಪ್ರಿಲಿನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲ ಹಿಂತೆಗೆದ 19 ಶಾಸಕರ ಪತ್ರಗಳು ರಾಜ್ಯಪಾಲರ ಕೈಸೇರಿದವು. ಅವರಲ್ಲಿ ಏಳು ಮಂದಿ, ನಮ್ಮ ಸಹಿಯನ್ನು ಸುಳ್ಳು ಹೇಳಿ ಪಡೆದರು ಎಂದು ಮತ್ತೆ ಬರೆದರು. ಸದನದಲ್ಲೇ ಬಲ ತೋರಿಸುತ್ತೇನೆ ಎಂದರು ಬೊಮ್ಮಾಯಿ. ರಾಜ್ಯಪಾಲರು ಒಪ್ಪಲಿಲ್ಲ, 21ರಂದು ರಾಷ್ಟ್ರಪತಿ ಆಳ್ವಿಕೆ ಬಂತು. ಅದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು ಹೇಳಿದ್ದು 1994ರ ಮಾರ್ಚ್ 11ರಂದು. ಬೊಮ್ಮಾಯಿಯವರಿಗೆ ಅದರಿಂದ ಕುರ್ಚಿ ಮರಳಲಿಲ್ಲ, ನಡುವೆ ಚುನಾವಣೆಯೇ ಆಗಿಹೋಗಿತ್ತು. ಆದರೆ ಬಹುಮತ ಗೊತ್ತಾಗಬೇಕಾದ್ದು ರಾಜಭವನದಲ್ಲಲ್ಲ, ಸದನದಲ್ಲಿ ಎಂಬುದು ಅಂದಿನಿಂದ ಎಲ್ಲ ರಾಜ್ಯಗಳಿಗೂ ಅನ್ವಯಿಸಿತು. ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ಬಳಕೆ ಎದ್ದು ಕಾಣುವಷ್ಟು ಇಳಿಯಿತು.

ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ದಾರಿಗಳು ಅಧಿಕಾರಕ್ಕೆ ಯಾವಾಗಲೂ ಸಿಗುತ್ತವೆ. ಬಿಹಾರ ಸರ್ಕಾರ 1967ರಿಂದ 1981ರವರೆಗೆ 256 ಸುಗ್ರೀವಾಜ್ಞೆಗಳನ್ನು ಹೊರಡಿಸಿ, ಕೆಲವನ್ನು ಶಾಸನಸಭೆಗೆ ತೋರಿಸದೆಯೇ ಹದಿನಾಲ್ಕು ವರ್ಷದವರೆಗೆ ಎಳೆಯಿತು. ಅದನ್ನು ಪತ್ತೆಹಚ್ಚಿದವರು ಪುಣೆಯ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರದ ಪ್ರಾಧ್ಯಾಪಕ ಡಿ.ಸಿ. ವಾಧ್ವಾ. ಗೆಜೆಟ್ಟುಗಳನ್ನು ಗುಡ್ಡೆ ಹಾಕಿಕೊಂಡು ಓದಿ, ಲೆಕ್ಕ ಹಿಡಿದು ಅವರು ಕೋರ್ಟಿಗೆ ಹೋದರು, 1986ರಲ್ಲಿ ಗೆದ್ದರು. ಈಚೆಗೆ ಆರೋಪಿಗಳ ಮನೆಗೆ ಬುಲ್‌ಡೋಜರ್ ನುಗ್ಗಿಸುವ ಪದ್ಧತಿ ಶುರುವಾಯಿತು. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟು, ಹದಿನೈದು ದಿನದ ನೋಟಿಸ್ ಕೊಡದೆ, ಮಾಲೀಕನ ಮಾತು ಕೇಳದೆ ಕೆಡವಕೂಡದು ಎಂದು ಹೇಳಿತು. ಮನೆ ಕೆಡವುವ ಅಧಿಕಾರ ನಗರಸಭೆಗೆ ಮೊದಲೂ ಇತ್ತು, ಈಗಲೂ ಇದೆ. ಆ ಹದಿನೈದು ದಿನಗಳಲ್ಲಿ ಮನೆಯವನು ಏಕೆ ಎಂದು ಕೇಳಬಹುದು. ಕಾನೂನು ಇರುವುದು ಆ ಅವಕಾಶದಲ್ಲಿ.

ಇವತ್ತಿಗೂ ತೆರೆಯದ ಒಂದು ಬಾಗಿಲಿದೆ. ತುರ್ತು ಪರಿಸ್ಥಿತಿ ಕಳೆದ ಮೇಲೆ ಜನತಾ ಸರ್ಕಾರ ತಂದ 44ನೇ ತಿದ್ದುಪಡಿ, 20 ಮತ್ತು 21ನೇ ವಿಧಿಗಳನ್ನು ಯಾವ ತುರ್ತಿನಲ್ಲೂ ಅಮಾನತು ಮಾಡಲಾಗದಂತೆ ಮಾಡಿತು. ಅದರ 3ನೇ ಕಲಮು ಮುಂಜಾಗ್ರತಾ ಬಂಧನದ 22ನೇ ವಿಧಿಯನ್ನು ತಿದ್ದುವಂಥದ್ದು. ಬಂಧನವನ್ನು ಪರಿಶೀಲಿಸುವ ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಹಿಡಿದಿಡಬಹುದಾದ ಅವಧಿಯನ್ನು ಅದು ಮೂರು ತಿಂಗಳಿಂದ ಎರಡಕ್ಕೆ ಇಳಿಸುತ್ತದೆ. ಮಂಡಳಿಯನ್ನು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯ ಶಿಫಾರಸಿನ ಮೇಲೆ ರಚಿಸಬೇಕು, ಅಧ್ಯಕ್ಷರು ಹಾಲಿ ನ್ಯಾಯಮೂರ್ತಿಯೇ ಆಗಿರಬೇಕು ಎನ್ನುತ್ತದೆ. 1979ರ ಏಪ್ರಿಲ್ 30ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಉಳಿದ ಕಲಮುಗಳು ಜಾರಿಗೆ ಬಂದವು, ಇದು ಬರಲಿಲ್ಲ. ಜಾರಿಯ ದಿನವನ್ನು ಗೊತ್ತುಮಾಡುವುದು ಕೇಂದ್ರ ಸರ್ಕಾರಕ್ಕೆ ಬಿಟ್ಟದ್ದು, ಸರ್ಕಾರ ಗೊತ್ತುಮಾಡಲಿಲ್ಲ. ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಬಂಧಿತರಾಗಿದ್ದ ಸಂಸದ ಎ.ಕೆ. ರಾಯ್ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಅಧಿಸೂಚನೆ ಹೊರಡಿಸೆಂದು ಸರ್ಕಾರಕ್ಕೆ ನಾವು ಆಜ್ಞೆ ಮಾಡಲಾರೆವು ಎಂದಿತು 1981ರ ಬಹುಮತದ ತೀರ್ಪು.

ಆ ಮೇಲೆ ದೆಹಲಿಯಲ್ಲಿ ಎಲ್ಲ ಬಣ್ಣದ ಸರ್ಕಾರಗಳೂ ಬಂದುಹೋಗಿವೆ. ಅಂದು ಮೀಸಾ ಕೆಳಗೆ ಜೈಲು ಕಂಡವರೇ ಪ್ರಧಾನಿಗಳೂ ಗೃಹಮಂತ್ರಿಗಳೂ ಆದರು. ನಮ್ಮ ರಾಜ್ಯದಲ್ಲಿ ಜನ ಗೂಂಡಾ ಕಾಯ್ದೆ ಎಂದು ಕರೆಯುವ 1985ರ ಕಾಯ್ದೆಯಡಿ ಒಬ್ಬನನ್ನು ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಇಡಬಹುದು. ಅವನ ಪ್ರಕರಣ ಸಲಹಾ ಮಂಡಳಿಯ ಮುಂದೆ ಬಂದಾಗ ಜೊತೆಗೆ ವಕೀಲನನ್ನು ಕರೆದುಕೊಂಡು ಹೋಗುವ ಹಕ್ಕು ಅವನಿಗಿಲ್ಲ. ಆ 3ನೇ ಕಲಮಿಗೆ ಬೇಕಾಗಿರುವುದು ಹೊಸ ಮಸೂದೆಯಲ್ಲ, ಮೂರನೇ ಎರಡರ ಬಹುಮತವಲ್ಲ, ಗೆಜೆಟ್ಟಿನಲ್ಲಿ ಒಂದು ದಿನಾಂಕ. ಅದನ್ನೇಕೆ ಕೊಟ್ಟಿಲ್ಲವೆಂದು ಕರ್ನಾಟಕದಿಂದ ಆಯ್ಕೆಯಾಗಿ ಹೋದ 28 ಲೋಕಸಭಾ ಸದಸ್ಯರಲ್ಲಿ ಒಬ್ಬರಾದರೂ ಮುಂದಿನ ಅಧಿವೇಶನದ ಪ್ರಶ್ನೋತ್ತರ ಕಲಾಪದಲ್ಲಿ ಕೇಳಲಿ.